ಟೆಲಿಸ್ಕೋಪ್ ಇಲ್ಲದ ಕಾಲದಲ್ಲಿ ಅಷ್ಟು ದೊಡ್ಡ ಉಪಕರಣ ಯಾಕೆ?

ಪ್ರಶ್ನೆ: ಹಿಂದಿನ ಕಾಲದ ಪರ್ಷಿಯಾದ ಖಗೋಳ ಪಂಡಿತರ ಹತ್ತಿರ ಟೆಲಿಸ್ಕೋಪ್ ಇರಲಿಲ್ಲ. ಮತ್ತೆ ಕಟ್ಟಡದಷ್ಟು ದೊಡ್ಡ ಉಪಕರಣ ಕಟ್ಟಿ ಏನು ನೋಡುತ್ತಿದ್ದರು?

ದೊಡ್ಡದಾಗಿ ಕಟ್ಟಿದರೆ ದೂರದ್ದು ಕಾಣುತ್ತದೆ ಅನ್ನಿಸುತ್ತದೆ, ಅಲ್ವಾ? ಅವರು ಕಟ್ಟಿದ್ದು ಅಳೆಯುವುದಕ್ಕೆ. ಸೂರ್ಯನೋ ನಕ್ಷತ್ರವೋ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆ ಅನ್ನುವುದು ಅವರಿಗೆ ಬೇಕಿತ್ತು. ಆಗ ಕೈಯಲ್ಲಿ ಹಿಡಿದು ಎತ್ತರ ಅಳೆಯುತ್ತಿದ್ದ ಬಿಲ್ಲೆ ಆಸ್ಟ್ರೋಲೇಬ್. ಅಂಗೈ ಅಗಲದ ಆಸ್ಟ್ರೋಲೇಬ್‌ನ ಅಂಚಿನಲ್ಲಿ ಒಂದು ಡಿಗ್ರಿಗೆ ಸಿಗುವ ಜಾಗ ಹೆಚ್ಚೆಂದರೆ ಒಂದು ಮಿಲಿಮೀಟರ್. ಅದರಲ್ಲಿ ಇನ್ನೂ 60 ಗೆರೆ ಕೊರೆಯುವುದು ಆಗದ ಮಾತು. 20 ಮೀಟರ್ ತ್ರಿಜ್ಯದ ಕಮಾನಿನಲ್ಲಾದರೆ ಅದೇ ಒಂದು ಡಿಗ್ರಿಗೆ ಸುಮಾರು 35 ಸೆಂಟಿಮೀಟರ್ ಸಿಗುತ್ತದೆ.

ಈಗಿನ ಟೆಹರಾನ್ ಪಕ್ಕದ ರೇ ಊರಿನಲ್ಲಿ 994ರಲ್ಲಿ ಖಗೋಳ ಪಂಡಿತ ಅಲ್-ಖುಜಂದಿ ಬಳಸಿದ್ದು ಇಂಥದ್ದನ್ನೇ. ದೊರೆ ಫಖ್ರ್ ಅಲ್-ದೌಲಾನ ಆಶ್ರಯ ಇತ್ತು, ಹಾಗಾಗಿ ಅದಕ್ಕೆ ಫಖ್ರಿ ಸೆಕ್ಸ್‌ಟಂಟ್ ಎಂದೇ ಹೆಸರು. ಕತ್ತಲೆ ಕಟ್ಟಡ, ಮೇಲೆ ಒಂದು ತೂತು, ಒಳಗೆ ವೃತ್ತದ ಆರನೇ ಒಂದು ಪಾಲಿನಷ್ಟು ಕಮಾನು. ನಡುಮಧ್ಯಾಹ್ನ ಸೂರ್ಯನ ಬಿಂಬ ಆ ಕಮಾನಿನ ಮೇಲೆ ಬೀಳುತ್ತಿತ್ತು. ಒಂದೊಂದು ಡಿಗ್ರಿಯಲ್ಲೂ 360 ಭಾಗ. ಅಂದರೆ ಗೆರೆಯಿಂದ ಗೆರೆಗೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್!

ವರ್ಷದ ಅತಿ ಉದ್ದದ ಹಗಲಿನಲ್ಲಿ ಒಮ್ಮೆ, ಅತಿ ಗಿಡ್ಡ ಹಗಲಿನಲ್ಲಿ ಒಮ್ಮೆ ಮಧ್ಯಾಹ್ನದ ಸೂರ್ಯನ ಎತ್ತರ ಅಳೆದು, ವ್ಯತ್ಯಾಸದಲ್ಲಿ ಅರ್ಧ ತೆಗೆದರೆ ಭೂಮಿ ಎಷ್ಟು ವಾಲಿದೆ ಅನ್ನುವ ಕೋನ ಸಿಗುತ್ತದೆ. ಖುಜಂದಿಗೆ ಸಿಕ್ಕಿದ್ದು 23 ಡಿಗ್ರಿ 32 ನಿಮಿಷ 19 ಸೆಕೆಂಡ್ (ಇಲ್ಲಿ ನಿಮಿಷ ಅಂದರೆ ಡಿಗ್ರಿಯ 60ನೇ ಒಂದು ಪಾಲು, ಸೆಕೆಂಡ್ ಅಂದರೆ ನಿಮಿಷದ 60ನೇ ಒಂದು ಪಾಲು). ಭಾರತೀಯರ ಲೆಕ್ಕ 24 ಡಿಗ್ರಿ, ಹಳೆಯ ಗ್ರೀಕ್ ಖಗೋಳ ಪಂಡಿತ ಟಾಲೆಮಿಯದು 23 ಡಿಗ್ರಿ 51 ನಿಮಿಷ. ಹಾಗಾದರೆ ಈ ಕೋನ ಕಾಲಕಾಲಕ್ಕೆ ಕಮ್ಮಿಯಾಗುತ್ತಿದೆ ಎಂದು ಆತ ಹೇಳಿದ. ಆ ಮಾತು ನಿಜವೇ. ಆದರೆ ಅವನ ಕಾಲದಲ್ಲಿ ಅದು ಸುಮಾರು 23 ಡಿಗ್ರಿ 34 ನಿಮಿಷ ಇರಬೇಕಿತ್ತು.

ಸೆಕೆಂಡುಗಳನ್ನು ಓದಬಲ್ಲ ಉಪಕರಣ ಎರಡು ನಿಮಿಷ ತಪ್ಪಿದ್ದು ಹೇಗೆ? ಅದೇ ಕಾಲದ ಪಂಡಿತ ಅಲ್-ಬಿರೂನಿ ಬರೆದಿಟ್ಟಿದ್ದಾನೆ: ತೂತಿದ್ದ ಭಾಗ ಸುಮಾರು ಒಂದು ಗೇಣು ಕೆಳಕ್ಕೆ ಕುಸಿದಿತ್ತು. ಗಾತ್ರ ಹೆಚ್ಚಿದಷ್ಟೂ ಇನ್ನೂ ಸಣ್ಣ ಅಳತೆ ಓದಬಹುದು, ಆದರೆ ಭಾರವೂ ಜಾಸ್ತಿಯಾಗುತ್ತದೆ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದೇ ಗೇಣು.

ಈಗಿನ ಉಜ್ಬೇಕಿಸ್ತಾನದ ಸಮರಕಂದದ ದೊರೆ ಉಲುಗ್ ಬೇಗ್ 1420ರ ದಶಕದಲ್ಲಿ ಇದರ ಎರಡು ಪಟ್ಟು, ಅಂದರೆ 40 ಮೀಟರ್ ತ್ರಿಜ್ಯದ ಕಮಾನು ಕಟ್ಟಿಸಿದ. ಅದರ ಕೆಳಭಾಗ ಗುಡ್ಡವನ್ನೇ ಕೊರೆದು ನೆಲದೊಳಗೆ ಇಳಿಸಿದ್ದು. ಅಲ್ಲಿ ಬಂದ ಉತ್ತರ 23 ಡಿಗ್ರಿ 30 ನಿಮಿಷ 17 ಸೆಕೆಂಡ್, ತಪ್ಪು ಸುಮಾರು ಅರ್ಧ ನಿಮಿಷ ಅಷ್ಟೇ. ಮೇಲಿನ ಕಟ್ಟಡ ಹೋಯಿತು, ನೆಲದೊಳಗಿನ ಭಾಗ 1908ರಲ್ಲಿ ಅಗೆದಾಗ ಸಿಕ್ಕಿತು.

ಇದೇ ಜಾತಿಯ ಉಪಕರಣ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಜೈಪುರದ ಜಂತರ್ ಮಂತರ್‌ನಲ್ಲಿ ಸವಾಯಿ ಜೈಸಿಂಗ್ ಕಟ್ಟಿಸಿದ ಷಷ್ಠಾಂಶ ಯಂತ್ರ ಇದೆ, ದೊಡ್ಡ ಸಮ್ರಾಟ್ ಯಂತ್ರದ ಆಸರೆ ಗೋಡೆಗಳ ಒಳಗಿನ ಕತ್ತಲೆ ಕೋಣೆಗಳಲ್ಲಿ.