ಕಂಪ್ಯೂಟರ್ ಕೈಕೊಟ್ಟ ದಿನ ಮೊದಲು ಯಾವ ಕಡತ?

ಏಪ್ರಿಲ್, ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಗುಡುಗು ಶುರುವಾಯಿತೆಂದರೆ ಕರೆಂಟು ಎರಡು ಮೂರು ಸಲ ಹೋಗಿ ಬರುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ ಇದು ಒಳ್ಳೆಯದಲ್ಲ. ಮರುದಿನ ಬೆಳಿಗ್ಗೆ ಯಂತ್ರ ಏಳುವುದಿಲ್ಲ. ಅದರೊಳಗೆ ಶಾಸನಪಾಠಗಳು, ಹತ್ತು ವರ್ಷದ ಟಿಪ್ಪಣಿ, ಅರ್ಧ ಮುಗಿದ ಸಂಪಾದನೆ ಇರುತ್ತವೆ. ಗಾಬರಿ ಸಹಜ. ಆದರೆ ಯಂತ್ರ ಕೆಟ್ಟಿತೆಂದ ಮಾತ್ರಕ್ಕೆ ಡಿಸ್ಕ್ ಕೆಟ್ಟಿತೆಂದಲ್ಲ. ವಿದ್ಯುತ್ ಒದಗಿಸುವ ಪೆಟ್ಟಿಗೆ (ಎಸ್‌ಎಂಪಿಎಸ್) ಸುಟ್ಟಿರಬಹುದು, ರ‍್ಯಾಮ್ ಸಡಿಲವಾಗಿರಬಹುದು, ಪರದೆ ಮಾತ್ರ ಹೋಗಿರಬಹುದು. ಇಷ್ಟರಲ್ಲಿ ಯಾವುದು ಕೆಟ್ಟರೂ ಬರೆದದ್ದು ಇದ್ದ ಜಾಗದಲ್ಲೇ ಇರುತ್ತದೆ.

ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಯಂತ್ರಕ್ಕೆ ಜೀವವಿದೆ, ದೋಷ ಪರದೆಯಲ್ಲೋ ಅದರ ಕೇಬಲ್‌ನಲ್ಲೋ ಇರಬಹುದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಚಾರ್ಜರ್ ಸಿಕ್ಕಿಸಿ ಮತ್ತೊಮ್ಮೆ ಪ್ರಯತ್ನಿಸಿ. ಡೆಸ್ಕ್‌ಟಾಪ್ ಆದರೆ ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿ ತೆಗೆದು ಮತ್ತೆ ‘ಟಕ್’ ಎನ್ನುವವರೆಗೆ ಕೂರಿಸಿ.

ಡಿಸ್ಕಿನಿಂದಲೇ ‘ಟಿಕ್, ಟಿಕ್’ ಎಂಬ ಒಂದೇ ಲಯದ ಸದ್ದು ಬರುತ್ತಿದ್ದರೆ ಪ್ರಯೋಗ ಅಲ್ಲಿಗೇ ನಿಲ್ಲಲಿ. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ ಹೆಡ್ ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಹೆಡ್ ಹಾಳಾಗಿದ್ದರೆ ನೀವು ಸ್ವಿಚ್ ಹಾಕಿದಷ್ಟು ಸಲ ಅದು ತಟ್ಟೆಯನ್ನು ಕೆರೆಯಬಹುದು, ಕೆರೆದುಹೋದ ಜಾಗದ ಬರಹವನ್ನು ಯಾರೂ ತಂದುಕೊಡಲಾರರು. ಫ್ರಿಜ್ಜಿನಲ್ಲಿಡುವುದು, ಮುಚ್ಚಳ ಬಿಚ್ಚಿ ನೋಡುವುದು ಬೇಡವೇ ಬೇಡ. ಅದನ್ನು ಧೂಳಿಲ್ಲದ ಕ್ಲೀನ್ ರೂಮ್ ಇರುವ ಡೇಟಾ ರಿಕವರಿ ಕೇಂದ್ರಕ್ಕೇ ಒಯ್ಯಬೇಕು.

ಸದ್ದಿಲ್ಲದಿದ್ದರೆ ಡಿಸ್ಕನ್ನು ಹೊರತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಬಹುದು. ಅದನ್ನು ಕೂರಿಸುವ ಕೇಸ್ ಮತ್ತು ಕೇಬಲ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ, ಆದರೆ ಕೊಳ್ಳುವಾಗ ಅಳತೆ ಹೇಳಿ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯ ವಿದ್ಯುತ್ತೇ ಸಾಕು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನದಕ್ಕೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಇರುವ ಕೇಸ್ ಬೇಕು, ಇಲ್ಲದಿದ್ದರೆ ಅದು ತಿರುಗುವುದೇ ಇಲ್ಲ. ಚ್ಯೂಯಿಂಗ್ ಗಮ್ಮಿನ ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿಯಾದರೆ ಅದರ ಜೋಡಣೆಯ ಬಗೆ ಎನ್‌ವಿಎಂಇಯೋ ಸಾಟಾವೋ ನೋಡಿ ಅದಕ್ಕೆ ತಕ್ಕ ಕೇಸ್ ಕೊಳ್ಳಿ.

ಜೋಡಿಸಿದ ಕೂಡಲೇ ವಿಂಡೋಸ್ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ. ಸರಿಪಡಿಸುತ್ತೇನೆಂದು ವಿಂಡೋಸ್‌ನ ಡಿಸ್ಕ್ ತಪಾಸಣೆಯ ಸಲಕರಣೆ ಚೆಕ್‌ಡಿಸ್ಕ್ ಓಡಿಸಬೇಡಿ, ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಹೊಸದಾಗಿ ಬರೆಯುತ್ತದೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀಲಿ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದವರಿಗೆ ಅದು ಸಾಮಾನ್ಯವಾಗಿ ಆ ಖಾತೆಯಲ್ಲೇ ಇರುತ್ತದೆ. ಕೀಲಿ ಇಲ್ಲದಿದ್ದರೆ ಒಳಗಿನದು ಇಲ್ಲದಂತೆಯೇ. ಈಗಲೇ, ಯಂತ್ರ ಚೆನ್ನಾಗಿರುವಾಗಲೇ, ಅದನ್ನು ಕಾಗದದಲ್ಲಿ ಬರೆದಿಡಿ.

ಡಿಸ್ಕ್ ತೆರೆದುಕೊಂಡಿತು ಅನ್ನಿ. ಪುಸ್ತಕಪ್ರಿಯರು ತಪ್ಪುವುದು ಇಲ್ಲೇ. ಎಲ್ಲಕ್ಕಿಂತ ದೊಡ್ಡ ಫೋಲ್ಡರ್ ಪಿಡಿಎಫ್‌ಗಳದ್ದು, ಮೊದಲು ಅದನ್ನೇ ಎಳೆಯುತ್ತಾರೆ. ಡೆಮಿ 1/8 ಆಕಾರದ ಪುಟವನ್ನು 600 ಡಿಪಿಐನಲ್ಲಿ ಬೂದುಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ, ಕುಗ್ಗಿಸದ ಟಿಫ್ ಕಡತ ಸುಮಾರು 17 ಎಂಬಿ ಆಗುತ್ತದೆ. 300 ಪುಟದ ಪುಸ್ತಕಕ್ಕೆ 5 ಜಿಬಿ. ಸೆಕೆಂಡಿಗೆ 30 ಎಂಬಿ ವೇಗದ ಹಳೆಯ ಯುಎಸ್‌ಬಿಯಲ್ಲಿ ಒಂದು ಟಿಬಿ ನಕಲಾಗಲು 9 ಗಂಟೆ ಮೀರುತ್ತದೆ. ಅಷ್ಟು ಹೊತ್ತು ಕುಂಟುವ ಡಿಸ್ಕ್ ಬದುಕಿರುತ್ತದೆಂಬ ಭರವಸೆ ಇಲ್ಲ.

ಆದ್ದರಿಂದ ಮತ್ತೆಲ್ಲೂ ಸಿಗದ್ದನ್ನು ಮೊದಲು ಎತ್ತಿಕೊಳ್ಳಿ. ಬಿ.ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಮತ್ತೆ ಸಿಗುತ್ತವೆ. ಬೆಂಗಳೂರು ಜಿಲ್ಲೆಯ 9ನೇ ಸಂಪುಟದ ಒಂದು ಶಾಸನದ ಪಕ್ಕದಲ್ಲಿ ‘ಈ ಪಾಠ ಅನುಮಾನ’ ಎಂದು ನೀವು ಗುರುತಿಸಿದ್ದು ಸಿಗುವುದಿಲ್ಲ. ಆ ಗುರುತು ಎಲ್ಲಿದೆ ಎಂಬುದೂ ತಿಳಿದಿರಬೇಕು. ಆಕರಗಳನ್ನು ಜೋಡಿಸಿಡುವ ತಂತ್ರಾಂಶ ಜೊಟೆರೋ ಒಳಗೇ ತೆರೆದು ಗುರುತು ಹಾಕಿದ್ದರೆ ಅದು ಪಿಡಿಎಫ್‌ನಲ್ಲಿರುವುದಿಲ್ಲ, ಜೊಟೆರೋದ ಡೇಟಾಬೇಸ್‌ನಲ್ಲಿರುತ್ತದೆ. ಹಾಗಾಗಿ ಬಳಕೆದಾರರ ಹೆಸರಿನ ಫೋಲ್ಡರಿನಲ್ಲಿರುವ ‘ಜೊಟೆರೋ’ ಫೋಲ್ಡರ್ ಇಡಿಯಾಗಿ ಬರಬೇಕು. ಇ-ಪುಸ್ತಕ ಜೋಡಿಸಿಡಲು ಕ್ಯಾಲಿಬರ್ ಬಳಸುವವರು ಲೈಬ್ರರಿ ಫೋಲ್ಡರನ್ನು ಒಳಗಿನ ಮೆಟಾಡೇಟಾ ಕಡತದ ಸಮೇತ ತರಬೇಕು. ವರ್ಡ್ ತಾನಾಗಿ ಉಳಿಸಿಕೊಂಡ, ನೀವು ಸೇವ್ ಮಾಡದ ಪ್ರತಿಯು, ಅಡಗಿರುವ ‘ಆ್ಯಪ್‌ಡೇಟಾ’ ಫೋಲ್ಡರಿನಲ್ಲಿ ‘ಎಎಸ್‌ಡಿ’ ಕಡತವಾಗಿರುತ್ತದೆ. ಡಾಕ್ಯುಮೆಂಟ್ಸ್ ಮಾತ್ರ ನಕಲು ಮಾಡಿ ಡಿಸ್ಕನ್ನು ಬಿಸಾಕಿದವರು ಕೊನೆಯ ದಿನದ ಕೆಲಸವನ್ನು ಕಳೆದುಕೊಳ್ಳುವುದು ಹೀಗೆ. ಈ ಕಡತಗಳೆಲ್ಲ ಸೇರಿದರೂ ಎಷ್ಟೋ ಸಲ ಒಂದು ಪೆನ್‌ಡ್ರೈವ್ ತುಂಬುವುದಿಲ್ಲ.

ಅಂಗಡಿಗೆ ಕೊಡುವುದಾದರೆ ಡಿಸ್ಕ್ ತೆಗೆದಿಟ್ಟುಕೊಂಡು ಯಂತ್ರವನ್ನಷ್ಟೇ ಕೊಡಿ. ತೆಗೆಯಲಾಗದಿದ್ದರೆ ‘ಡೇಟಾ ಬೇಕು, ಫಾರ್ಮ್ಯಾಟ್ ಮಾಡಬೇಡಿ’ ಎಂದು ಚೀಟಿ ಅಂಟಿಸಿ, ಬಾಯಲ್ಲೂ ಹೇಳಿ. ವಿಂಡೋಸ್ ಹೊಸದಾಗಿ ಹಾಕಿಕೊಡುವುದು ರಿಪೇರಿಯವರಿಗೆ ದಿನನಿತ್ಯದ ಕೆಲಸ. ಎಸ್‌ಎಸ್‌ಡಿಯಲ್ಲಿ ಹಾಗಾದರೆ ಟ್ರಿಮ್ ಎಂಬ ವ್ಯವಸ್ಥೆ ಹಳೆಯ ಜಾಗಗಳನ್ನು ಖಾಲಿಮಾಡಿಬಿಡುತ್ತದೆ, ಮರಳಿ ಪಡೆಯುವ ಆಸೆ ಬಹುಮಟ್ಟಿಗೆ ಮುಗಿದಂತೆ.

ಕಡತ ಬಂತು, ಹೊಸ ಕಂಪ್ಯೂಟರಿನಲ್ಲಿ ತೆರೆದಿರಿ, ಒಂದಕ್ಷರವೂ ಕನ್ನಡವಿಲ್ಲ. ಕನ್ನಡ ಬರೆಯುವ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದ ಕಡೆ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಎ ಕಾಣುತ್ತವೆ. ಕಡತ ಕೆಟ್ಟಿಲ್ಲ. ಗೆರೆ ಹೊತ್ತ ಎ ಎಂದರೆ ತಲೆಕಟ್ಟು, ಪೌಂಡ್ ಎಂದರೆ ನಕಾರದ ಮೈ, ಜರ್ಮನ್ ಎಸ್ ಎಂದರೆ ನಕಾರದ ಒತ್ತು. ಹಳೆಯ ಫಾಂಟ್‌ಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆ ಫಾಂಟ್ ಹೊಸ ಯಂತ್ರದಲ್ಲಿಲ್ಲ, ಅಷ್ಟೇ. ಹಳೆಯ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗಿನ ‘ಫಾಂಟ್ಸ್’ನಿಂದ ಅದನ್ನು ತಂದು ಹಾಕಿದರೆ ಅಕ್ಷರಗಳು ಮರಳುತ್ತವೆ. ಅಲ್ಲಿಯವರೆಗೆ ಆ ಕಡತದಲ್ಲಿ ತಿದ್ದಲು, ಸೇವ್ ಮಾಡಲು ಹೋಗಬೇಡಿ. ವರ್ಡ್ ಅದನ್ನು ಇಂಗ್ಲಿಷ್ ಎಂದು ತಿಳಿದು, ನೀವು ಟೈಪಿಸುತ್ತ ಹೋದಂತೆ ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡಬಹುದು. ಸಣ್ಣ ಕ್ಯೂ ದೊಡ್ಡ ಕ್ಯೂ ಆದರೆ ‘ಡ’ ಹೋಗಿ ‘ಕಿ’ ಬರುತ್ತದೆ.

ಇದೇ ಸಂದರ್ಭದಲ್ಲಿ ಇಂದಿನ ಯಂತ್ರಗಳೆಲ್ಲ ಓದುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿಬಿಡುವುದು ಒಳ್ಳೆಯದು, ಆದರೆ ಮೂಲದ ಮೇಲಲ್ಲ, ಅದರ ನಕಲಿನ ಮೇಲೆ ಮಾತ್ರ. ಪರಿವರ್ತಕಕ್ಕೆ ಯಾವುದು ಇಂಗ್ಲಿಷ್, ಯಾವುದು ಹಳೆಯ ಸಂಕೇತದ ಕನ್ನಡ ಎಂದು ತಾನಾಗಿ ತಿಳಿಯದೆ ಹೋಗಬಹುದು. ಅಡಿಟಿಪ್ಪಣಿಯ ಇಂಗ್ಲಿಷ್ ಗ್ರಂಥನಾಮಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಿ. ಹಳಗನ್ನಡದ ಪಾಠವಾದರೆ ಱ, ೞ ಉಳಿದಿವೆಯೇ ಎಂದು ಹುಡುಕಿ. ಹಳೆಯ ಯಂತ್ರದಲ್ಲಿ ಎಂದಾದರೂ ತೆಗೆದಿಟ್ಟ ಪಿಡಿಎಫ್ ಪ್ರತಿ ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ, ಸಾಮಾನ್ಯವಾಗಿ ಅದರೊಳಗೆ ಫಾಂಟ್ ಅಡಕವಾಗಿರುತ್ತದೆ. ಹಸ್ತಪ್ರತಿಯ ಪಾಠವನ್ನು ತಾಳೆ ನೋಡುವ ತಾಳ್ಮೆಯಿಂದಲೇ ಅದನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿ. ಅದು ಮುಗಿಯುವವರೆಗೆ ಹಳೆಯ ಡಿಸ್ಕನ್ನು ಯಾರಿಗೂ ಕೊಡಬೇಡಿ.