ಎರಡೇ ಎಸಳಿನ ಕವಾಟ: ಅಧ್ಯಯನಗಳು ಹೊರಗಿಟ್ಟ ರೋಗಿಗಳು

2002ರ ಏಪ್ರಿಲ್ 16ರಂದು ಫ್ರಾನ್ಸಿನ ರೂವಾನ್ ನಗರದಲ್ಲಿ ಡಾ. ಅಲೆನ್ ಕ್ರಿಬಿಯೆ ಅವರು ಎದೆ ಸೀಳದೆ ಮನುಷ್ಯನ ಹೃದಯಕ್ಕೆ ಹೊಸ ಮಹಾಪಧಮನಿ ಕವಾಟ ಕೂರಿಸಿದರು. ರೋಗಿಗೆ 57 ವರ್ಷ. ಸ್ಥಿತಿ ಎಷ್ಟು ವಿಷಮಿಸಿತ್ತೆಂದರೆ ತೆರೆದ ಶಸ್ತ್ರಚಿಕಿತ್ಸೆಗೆ ಯಾರೂ ಒಪ್ಪಿರಲಿಲ್ಲ. ಕಾಲಿನ ಅಭಿಧಮನಿಯಿಂದ ಕ್ಯಾತಿಟರ್ ಎಂಬ ತೆಳುವಾದ ಕೊಳವೆ ತೂರಿಸಿ, ಹೃದಯದ ನಡುಗೋಡೆಯನ್ನು ಚುಚ್ಚಿ ದಾಟಿ, ಸುಣ್ಣಗಟ್ಟಿದ ಹಳೆಯ ಕವಾಟದೊಳಗೆ ಹೊಸದನ್ನು ಬಲೂನಿನಿಂದ ಅರಳಿಸಲಾಯಿತು. ಇತರ ಕಾಯಿಲೆಗಳಿಂದಾಗಿ ಆತ 17 ವಾರಗಳ ನಂತರ ತೀರಿಕೊಂಡರೂ ಕವಾಟ ಚೆನ್ನಾಗಿಯೇ ಕೆಲಸ ಮಾಡಿತ್ತು.

ಆತನದು ಹುಟ್ಟಿನಿಂದಲೇ ಎರಡು ಎಸಳಿನ ಕವಾಟವಾಗಿತ್ತು. ಆದರೆ ಮುಂದಿನ ಎರಡು ದಶಕಗಳ ದೊಡ್ಡ ಅಧ್ಯಯನಗಳು ಅಂಥವರನ್ನೇ ಹೊರಗಿಟ್ಟವು.

ಮಹಾಪಧಮನಿಯ ಬಾಯಲ್ಲಿರುವ ಕವಾಟಕ್ಕೆ ಸಾಮಾನ್ಯವಾಗಿ ಮೂರು ಎಸಳು. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಎರಡೇ ಇರುತ್ತವೆ. ಗಂಡಸರಲ್ಲಿ ಇದು ಹೆಚ್ಚು. ಎಷ್ಟೋ ಬಾರಿ ಎರಡು ಎಸಳುಗಳು ಬೆಸೆದುಕೊಂಡು, ಕೂಡಿದ ಜಾಗದಲ್ಲಿ ಒಂದು ದಪ್ಪ ಏಣು ಉಳಿದಿರುತ್ತದೆ. ಪ್ರತಿ ಬಡಿತದ ಒತ್ತಡವನ್ನೂ ಎರಡೇ ಎಸಳು ಹೊರಬೇಕಾದ್ದರಿಂದ ಕ್ಯಾಲ್ಸಿಯಂ ಬೇಗ ಕಟ್ಟುತ್ತದೆ. ಮೂರೆಸಳಿನವರಿಗೆ ಎಪ್ಪತ್ತು, ಎಂಬತ್ತರಲ್ಲಿ ಬರುವ ತೊಂದರೆ ಇವರಿಗೆ ಐವತ್ತು, ಅರವತ್ತರಲ್ಲೇ ಎದುರಾಗಬಹುದು.

ಹೊರಗಿಡಲು ಕಾರಣವಿರಲಿಲ್ಲವೆಂದಲ್ಲ. ಕ್ಯಾತಿಟರ್ ವಿಧಾನದಲ್ಲಿ ಹಳೆಯ ಕವಾಟವನ್ನು ತೆಗೆಯುವುದಿಲ್ಲ. ಹೊಸ ಕವಾಟದ ಲೋಹದ ಚೌಕಟ್ಟು ಅದನ್ನು ಸುತ್ತಲಿನ ಗೋಡೆಗೆ ಒತ್ತಿ ಹಿಡಿಯುತ್ತದೆ. ಚೌಕಟ್ಟು ದುಂಡಗೆ ಅರಳಿದರೆ ಮಾತ್ರ ಒಳಗಿನ ಎಸಳುಗಳು ಸರಿಯಾಗಿ ಮುಚ್ಚುತ್ತವೆ. ಎರಡೆಸಳಿನ ಕವಾಟದ ಬಾಯಿ ಉದ್ದನೆಯ ಸೀಳಿನಂತಿರುತ್ತದೆ, ಏಣು ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ಚೌಕಟ್ಟು ಓರೆಯಾಗಿ ಅರಳಿದರೆ ಅಂಚಿನಿಂದ ರಕ್ತ ಹಿಂದಕ್ಕೆ ಸೋರುತ್ತದೆ. ಬಲವಾಗಿ ಅರಳಿಸಲು ಹೋದರೆ ಕವಾಟದ ಬುಡವೇ ಹರಿಯುವ ಅಪಾಯ.

2010ರಲ್ಲಿ ಪ್ರಕಟವಾದ ಪಾರ್ಟ್ನರ್ ಅಧ್ಯಯನವು ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ 358 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ವರ್ಷದಲ್ಲಿ ಸಾವಿನ ಪ್ರಮಾಣ ಶಸ್ತ್ರಚಿಕಿತ್ಸೆಯಿಲ್ಲದ ಹಳೆಯ ಚಿಕಿತ್ಸೆಯಲ್ಲಿ ಶೇ 50.7, ಕ್ಯಾತಿಟರ್ ಗುಂಪಿನಲ್ಲಿ ಶೇ 30.7. 2019ರ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಅಪಾಯ ಕಡಿಮೆಯಿದ್ದ ರೋಗಿಗಳಲ್ಲೂ ಈ ವಿಧಾನ ಗೆದ್ದಿತು. ಎರಡೆಸಳಿನವರು ಅಲ್ಲೂ ಇರಲಿಲ್ಲ. ನನಗೆ ಕಳವಳ ಇಲ್ಲೇ: ಚಿಕಿತ್ಸೆ ಕಿರಿಯ ವಯಸ್ಸಿನವರತ್ತ ಸರಿದಂತೆಲ್ಲ ಎರಡೆಸಳಿನವರ ಪಾಲು ಹೆಚ್ಚುತ್ತದೆ, ಅವರ ಬಗ್ಗೆ ಆಧಾರವೇ ತೆಳು.

ಆ ಕೊರತೆಯನ್ನು ತುಂಬಲು ಕ್ಯಾತಿಟರ್ ಕವಾಟ ಪಡೆದವರ ನೋಂದಣಿ ದಾಖಲೆಗಳನ್ನು ನೆಚ್ಚಿಕೊಳ್ಳಬೇಕಾಯಿತು. 2019ರಲ್ಲಿ ಅಮೆರಿಕದ ದಾಖಲೆಗಳಿಂದ ಎರಡೆಸಳು ಮತ್ತು ಮೂರೆಸಳಿನ 2,691 ಜೋಡಿಗಳನ್ನು ಹೋಲಿಸಿದಾಗ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ 30 ದಿನಗಳಲ್ಲಿ ಪಾರ್ಶ್ವವಾಯು ಎರಡೆಸಳಿನವರಲ್ಲಿ ಶೇ 2.5, ಮತ್ತೊಂದು ಗುಂಪಿನಲ್ಲಿ ಶೇ 1.6. ಅಲ್ಲಿದ್ದವರು ವೈದ್ಯರು ಮೊದಲೇ ಸೂಕ್ತವೆಂದು ಆರಿಸಿಕೊಂಡ ರೋಗಿಗಳು ಎಂಬುದನ್ನು ಮರೆಯುವಂತಿಲ್ಲ. 2020ರ ಇನ್ನೊಂದು ಅಧ್ಯಯನ ಹೆಚ್ಚು ಉಪಯುಕ್ತವಾದದ್ದನ್ನು ಹೇಳಿತು: ಏಣು ಮತ್ತು ಎಸಳು ಎರಡರಲ್ಲೂ ಕ್ಯಾಲ್ಸಿಯಂ ತುಂಬಿದ್ದವರಲ್ಲಿ ಎರಡು ವರ್ಷದ ಸಾವು ಶೇ 25.7, ಎರಡೂ ಇಲ್ಲದವರಲ್ಲಿ ಶೇ 5.9.

2024ರಲ್ಲಿ ಹೊರಬಂದ ನೋಷನ್-2 ಅಧ್ಯಯನವು ಕೊನೆಗೂ ಇವರನ್ನು ಒಳಗೆ ಸೇರಿಸಿಕೊಂಡಿತು. 75 ವರ್ಷದೊಳಗಿನ 370 ರೋಗಿಗಳಲ್ಲಿ 100 ಮಂದಿ ಎರಡೆಸಳಿನವರು. ಒಂದು ವರ್ಷದಲ್ಲಿ ಸಾವು, ಪಾರ್ಶ್ವವಾಯು ಅಥವಾ ಮತ್ತೆ ಆಸ್ಪತ್ರೆ ಸೇರಬೇಕಾದ ಸ್ಥಿತಿ ಅವರಲ್ಲಿ ಕ್ಯಾತಿಟರ್ ಗುಂಪಿಗೆ ಶೇ 14.3, ಶಸ್ತ್ರಚಿಕಿತ್ಸೆಯ ಗುಂಪಿಗೆ ಶೇ 3.9. ಸಂಖ್ಯೆ ಚಿಕ್ಕದು, ಇದೇ ಅಂತಿಮ ತೀರ್ಪಲ್ಲ. ಆದರೂ ಈ ಅಂತರವನ್ನು ಪಕ್ಕಕ್ಕಿಟ್ಟು ಅರವತ್ತರ ಆಸುಪಾಸಿನ ರೋಗಿಗೆ "ಎರಡೂ ಒಂದೇ" ಎನ್ನುವುದು ಸರಿಯಲ್ಲ.

ಇವರಲ್ಲಿ ಅನೇಕರಿಗೆ ಮಹಾಪಧಮನಿಯೂ ಹಿಗ್ಗಿರುತ್ತದೆ. ಅದು 4.5 ಸೆಂಟಿಮೀಟರ್ ಮುಟ್ಟಿದ್ದರೆ ಶಸ್ತ್ರಚಿಕಿತ್ಸಕರು ಕವಾಟದ ಜೊತೆಗೇ ಅದನ್ನೂ ಬದಲಿಸಬಹುದು. ಕ್ಯಾತಿಟರ್‌ನಲ್ಲಿ ಕೂರಿಸುವ ಕವಾಟ ಅದನ್ನು ಇದ್ದಂತೆಯೇ ಬಿಡುತ್ತದೆ. ಹಾಗಾಗಿ ಸಿ.ಟಿ. ಸ್ಕ್ಯಾನ್ ನೋಡುವಾಗ ರೋಗಿ ಕೇಳಬೇಕಾದ ಪ್ರಶ್ನೆಗಳು ಮೂರು: ಕ್ಯಾಲ್ಸಿಯಂ ಎಲ್ಲೆಲ್ಲಿದೆ, ಏಣು ಎಷ್ಟು ಗಟ್ಟಿಯಾಗಿದೆ, ಮಹಾಪಧಮನಿಯ ಅಗಲ ಎಷ್ಟು.