ಮೊದಲ ಹನಿ ಯಾಕೆ ತಡ ಮಾಡುತ್ತದೆ?

ಬಿಸಿ ಮಾಡಿದ ಆಕ್ಸಾಲಿಕ್ ಆಮ್ಲಕ್ಕೆ, ಅಳತೆಯ ಗೆರೆಗಳೂ ಕೆಳಗೆ ತಿರುಪೂ ಇರುವ ಗಾಜಿನ ಕೊಳವೆಯಾದ ಬ್ಯುರೆಟ್‌ನಿಂದ ಪೊಟ್ಯಾಸಿಯಂ ಪರ್ಮಾಂಗನೇಟಿನ ಮೊದಲ ಹನಿ ಬೀಳುತ್ತದೆ. ದ್ರಾವಣ ಗುಲಾಬಿಯಾಗುತ್ತದೆ, ಆಮೇಲೆ ಏನೂ ಆಗುವುದಿಲ್ಲ. ಫ್ಲಾಸ್ಕನ್ನು ಎಷ್ಟು ಅಲುಗಾಡಿಸಿದರೂ ಬಣ್ಣ ಹಾಗೇ ಕೂತಿರುತ್ತದೆ. ಎಂಡ್ ಪಾಯಿಂಟ್, ಅಂದರೆ ಕ್ರಿಯೆ ಮುಗಿದ ಗುರುತು, ಬಂದೇಬಿಟ್ಟಿತೇ ಎಂದು ಗಾಬರಿಯಾಗುವಷ್ಟರಲ್ಲಿ ಬಣ್ಣ ಮೆಲ್ಲನೆ ತೆಳುವಾಗಿ ಮಾಯವಾಗುತ್ತದೆ. ಎರಡನೆಯ ಹನಿ ಅಷ್ಟು ಕಾಯಿಸುವುದಿಲ್ಲ. ಐದಾರು ಹನಿಗಳ ನಂತರ ಬಿದ್ದ ಕ್ಷಣಕ್ಕೇ ಬಣ್ಣ ಹಾರಿಹೋಗುತ್ತದೆ.

ಶಾಲಾ ರಸಾಯನಶಾಸ್ತ್ರದ ಕೊನೆಯ ವರ್ಷದಲ್ಲಿ ದ್ರಾವಣಗಳು, ವಿದ್ಯುತ್ ರಸಾಯನ, ಕ್ರಿಯೆಯ ವೇಗ, ಡಿ-ಬ್ಲಾಕ್ ಧಾತುಗಳು, ಸಂಕೀರ್ಣ ಸಂಯುಕ್ತಗಳು, ಸಾವಯವ ಆಮ್ಲಗಳು ಬೇರೆ ಬೇರೆ ಅಧ್ಯಾಯಗಳಾಗಿ ಬರುತ್ತವೆ. ಓದುವವರಿಗೆ ಅವು ಆರು ಬೇರೆ ವಿಷಯಗಳಂತೆ ಕಾಣುವುದು ಸಹಜ. ಆದರೆ ಪ್ರಯೋಗಾಲಯದಲ್ಲಿ ಎಲ್ಲರೂ ಮಾಡುವ ಈ ಒಂದೇ ಟೈಟ್ರೇಷನ್ನಿನೊಳಗೆ (ಸಾರತೆ ಗೊತ್ತಿರುವ ಆಕ್ಸಾಲಿಕ್ ಆಮ್ಲಕ್ಕೆ ಪರ್ಮಾಂಗನೇಟ್ ಎಷ್ಟು ಹಿಡಿಯಿತೆಂದು ಅಳೆದು ಅದರ ಸಾರತೆ ಕಂಡುಹಿಡಿಯುವುದು) ಅಷ್ಟೂ ಅಧ್ಯಾಯಗಳಿವೆ. ರೆಕಾರ್ಡ್ ಪುಸ್ತಕದಲ್ಲಿ ಯಾಂತ್ರಿಕವಾಗಿ ನಕಲು ಮಾಡುವ ‘ಬಿಸಿ ಮಾಡಿ’, ‘ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ’, ‘ಮೇಲಂಚಿನ ಅಳತೆ ತೆಗೆದುಕೊಳ್ಳಿ’ ಎಂಬ ಸಾಲುಗಳ ಹಿಂದೆ ಒಂದೊಂದು ಕಾರಣ ಇದೆ.

ತಕ್ಕಡಿಯಿಂದ ಶುರು ಮಾಡೋಣ. ಸಾಮಾನ್ಯವಾಗಿ ಬೇಕಾಗುವುದು 0.05 ಮೋಲಾರ್ (ಲೀಟರಿಗೆ 0.05 ಮೋಲ್; ಮೋಲ್ ಎಂದರೆ ಅಣುಗಳನ್ನು ಎಣಿಸುವ ಅಳತೆ) ಆಕ್ಸಾಲಿಕ್ ಆಮ್ಲ, 250 ಮಿ.ಲೀ. ಹರಳುಗಳಲ್ಲಿ ಒಂದು ಅಣು ಆಮ್ಲಕ್ಕೆ ಎರಡು ಅಣು ನೀರು ಸೇರಿಕೊಂಡಿರುವುದರಿಂದ ಒಂದು ಮೋಲ್‌ನ ತೂಕ 126.07 ಗ್ರಾಂ. ಲೆಕ್ಕ ಹಾಕಿದರೆ ತೂಗಬೇಕಾದದ್ದು 1.576 ಗ್ರಾಂ. ತೂಗುವ ಮೊದಲು ಹರಳುಗಳನ್ನು ಒಮ್ಮೆ ಗಮನಿಸಿ. ಅಂಚು ಮಸುಕಾಗಿ ಮೇಲೆ ಬಿಳಿ ಹುಡಿ ಕಟ್ಟಿದ್ದರೆ ಒಣಗಾಳಿಗೆ ಒಳಗಿನ ನೀರು ಹೋಗಿದೆ ಎಂದರ್ಥ. ಅಂಥ ಹರಳುಗಳ 1.576 ಗ್ರಾಂನಲ್ಲಿ ಆಮ್ಲ ಲೆಕ್ಕಕ್ಕಿಂತ ಜಾಸ್ತಿ ಇರುತ್ತದೆ. ಪರ್ಮಾಂಗನೇಟ್ ಹೆಚ್ಚು ಖರ್ಚಾಗಿ, ಅದರ ಸಾರತೆ ನಿಜಕ್ಕಿಂತ ಕಡಿಮೆ ಎಂದು ಉತ್ತರ ಬರುತ್ತದೆ. ಟೈಟ್ರೇಷನ್ ಎಷ್ಟೇ ನಾಜೂಕಾಗಿ ಮಾಡಿದರೂ ಈ ತಪ್ಪು ಸರಿಹೋಗದು.

ಪರ್ಮಾಂಗನೇಟನ್ನೇ ನೇರವಾಗಿ ತೂಗಿ ಪ್ರಮಾಣಿತ ದ್ರಾವಣ (ಸಾರತೆ ಖಚಿತವಾಗಿ ಗೊತ್ತಿರುವ ದ್ರಾವಣ) ಮಾಡಬಹುದಲ್ಲ ಎಂದರೆ, ಆಗುವುದಿಲ್ಲ. ಅದರಲ್ಲಿ ಮ್ಯಾಂಗನೀಸ್ ಡೈಆಕ್ಸೈಡಿನ ಲೇಶ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಜೊತೆಗೆ ನೀರಿನಲ್ಲಿರುವ ಸಾವಯವ ಕಸವನ್ನು ಪರ್ಮಾಂಗನೇಟ್ ಉತ್ಕರ್ಷಿಸುತ್ತ (ಅದರಿಂದ ಇಲೆಕ್ಟ್ರಾನ್ ಕಿತ್ತುಕೊಳ್ಳುತ್ತ) ತಾನೂ ಸವೆಯುತ್ತದೆ. ಲೀಟರಿಗೆ 3.16 ಗ್ರಾಂ ಹಾಕಿ ಸುಮಾರು 0.02 ಮೋಲಾರ್ ದ್ರಾವಣ ಮಾಡಿ, ಕುದಿಸಿ, ಆರಿಸಿ, ಗಾಜಿನ ಶೋಧಕದಲ್ಲಿ ಸೋಸಿ ಕಂದು ಬಾಟಲಿಯಲ್ಲಿಡುವುದು ಅದಕ್ಕೇ. ಕಾಗದದಲ್ಲಿ ಸೋಸಿದರೆ ಕಾಗದದ ಜೊತೆಗೇ ಅದರ ಕ್ರಿಯೆ ಶುರುವಾಗುತ್ತದೆ. ರಬ್ಬರ್ ಕೊಳವೆಯ ಬ್ಯುರೆಟ್ ಬೇಡ, ಗಾಜಿನ ತಿರುಪು ಇರುವುದೇ ಬೇಕು ಎನ್ನುವುದೂ ಇದೇ ಕಾರಣಕ್ಕೆ.

ಇನ್ನು ಪಿಪೆಟ್, ಅಂದರೆ ನಿಗದಿತ ಅಳತೆಯ ದ್ರಾವಣವನ್ನು ಎಳೆದುಕೊಳ್ಳುವ ಗಾಜಿನ ಕೊಳವೆ. 10 ಮಿ.ಲೀ. ಆಕ್ಸಾಲಿಕ್ ಆಮ್ಲವನ್ನು ಬಾಯಿಂದ ಎಳೆಯಬಾರದು, ಅದು ವಿಷ. ರಬ್ಬರ್ ಬಲ್ಬ್ ಬಳಸಿ. ಪಿಪೆಟ್ಟನ್ನೂ ಬ್ಯುರೆಟ್ಟನ್ನೂ ಆಯಾ ದ್ರಾವಣದಿಂದಲೇ ತೊಳೆಯಬೇಕು, ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ನೀರಿನಿಂದ. ಫ್ಲಾಸ್ಕಿನಲ್ಲಿ ಲೆಕ್ಕಕ್ಕೆ ಬರುವುದು ಆಮ್ಲದ ಮೋಲ್‌ಗಳು, ನೀರು ಎಷ್ಟಿದ್ದರೂ ಅವು ಬದಲಾಗವು. ಅದನ್ನು ಆಕ್ಸಾಲಿಕ್ ಆಮ್ಲದಿಂದ ತೊಳೆದರೆ ಗೋಡೆಗೆ ಅಂಟಿದ್ದೆಲ್ಲ ಲೆಕ್ಕಕ್ಕೆ ಸಿಗದ ಹೆಚ್ಚುವರಿ. ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಿ ಇಳಿಸಬಾರದು. ಅದನ್ನು ಬಿಟ್ಟೇ ಅಳತೆಯ ಗೆರೆ ಹಾಕಿರುತ್ತಾರೆ.

ಈಗ ಆಮ್ಲದ ವಿಚಾರ. ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡು ಪರ್ಮಾಂಗನೇಟ್ ಅಯಾನುಗಳು, ಐದು ಆಕ್ಸಲೇಟ್ ಅಯಾನುಗಳು, ಹದಿನಾರು ಹೈಡ್ರೋಜನ್ ಅಯಾನುಗಳು ಕೂಡಿ ಎರಡು ಮ್ಯಾಂಗನೀಸ್ ಅಯಾನು, ಹತ್ತು ಅಣು ಕಾರ್ಬನ್ ಡೈಆಕ್ಸೈಡ್, ಎಂಟು ಅಣು ನೀರು ಆಗುತ್ತವೆ. ನಮ್ಮ 10 ಮಿ.ಲೀ.ನಲ್ಲಿರುವ ಆಕ್ಸಲೇಟ್ 0.0005 ಮೋಲ್. ಅದಕ್ಕೆ ಬೇಕಾದ ಹೈಡ್ರೋಜನ್ ಅಯಾನು 0.0016 ಮೋಲ್, ಅದರಲ್ಲಿ 0.001 ಮೋಲ್‌ನಷ್ಟನ್ನು ಆಕ್ಸಾಲಿಕ್ ಆಮ್ಲವೇ ಒದಗಿಸುತ್ತದೆ. ಹೊರಗಿನಿಂದ ಬೇಕಾದದ್ದು 0.0006 ಮೋಲ್ ಮಾತ್ರ. ಆದರೂ ಒಂದು ಮೋಲಾರ್ ಸಲ್ಫ್ಯೂರಿಕ್ ಆಮ್ಲವನ್ನು 10 ಮಿ.ಲೀ. ಸುರಿಯುತ್ತೇವೆ, ಅಂದರೆ ಬೇಕಾದದ್ದಕ್ಕಿಂತ ಹತ್ತು ಪಟ್ಟಿಗೂ ಮೀರಿ. ಇಷ್ಟು ಧಾರಾಳ ಯಾಕೆ?

ಉತ್ತರ ನರ್ನ್‌ಸ್ಟ್ ಸಮೀಕರಣದಲ್ಲಿದೆ; ದ್ರಾವಣದ ಸಾರತೆ ಬದಲಾದಾಗ ವಿಭವ, ಅಂದರೆ ಇಲೆಕ್ಟ್ರಾನ್ ಎಳೆಯುವ ಬಲ, ಎಷ್ಟು ಬದಲಾಗುತ್ತದೆಂದು ಅದು ಹೇಳುತ್ತದೆ. ಪರ್ಮಾಂಗನೇಟ್ ಐದು ಇಲೆಕ್ಟ್ರಾನ್ ಪಡೆದು ಮ್ಯಾಂಗನೀಸ್ ಅಯಾನಾಗುವ ಅರ್ಧಕ್ರಿಯೆಯ ಪ್ರಮಾಣಿತ ವಿಭವ 1.51 ವೋಲ್ಟ್. ಈ ಅರ್ಧಕ್ರಿಯೆಯೊಂದೇ ಎಂಟು ಹೈಡ್ರೋಜನ್ ಅಯಾನುಗಳನ್ನು ನುಂಗುವುದರಿಂದ ಪಿಎಚ್ ಒಂದು ಅಂಕ ಏರಿದರೆ (ಅಂದರೆ ಆಮ್ಲೀಯತೆ ಹತ್ತನೇ ಒಂದಕ್ಕೆ ಇಳಿದರೆ) 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿಭವ ಸುಮಾರು 0.095 ವೋಲ್ಟ್ ಇಳಿಯುತ್ತದೆ. ಪಿಎಚ್ 3ಕ್ಕೆ ಬರುವಷ್ಟರಲ್ಲಿ ಅದು 1.23 ವೋಲ್ಟ್ ಆಗಿರುತ್ತದೆ. ಬಲ ಕುಂದುವುದು ಒಂದು ಕಡೆಯಾದರೆ, ದಾರಿ ತಪ್ಪುವುದು ಇನ್ನೊಂದು ಕಡೆ. ಆಮ್ಲ ಸಾಲದಾದಾಗ ಪರ್ಮಾಂಗನೇಟ್ ಐದರ ಬದಲು ಮೂರೇ ಇಲೆಕ್ಟ್ರಾನ್ ತೆಗೆದುಕೊಂಡು ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ನಿಂತುಬಿಡುತ್ತದೆ. ಫ್ಲಾಸ್ಕಿನಲ್ಲಿ ಚಹಾದಂಥ ಕಂದು ಬಗ್ಗಡ ಕಾಣುವುದು ಅದೇ. ಕೆಲಸಕ್ಕೆ ಪರ್ಮಾಂಗನೇಟ್ ಹೆಚ್ಚು ಬೇಕಾಗಿ ಓದಿಕೆ ಏರುತ್ತದೆ. ಎಂಡ್ ಪಾಯಿಂಟಿನಲ್ಲೂ ಆ ಬಗ್ಗಡ ಉಳಿದಿದ್ದರೆ ಆ ಓದಿಕೆಯನ್ನು ಬಿಟ್ಟು ಹೊಸದಾಗಿ ಮಾಡುವುದೇ ವಾಸಿ.

ಸಲ್ಫ್ಯೂರಿಕ್ ಆಮ್ಲವೇ ಯಾಕೆ ಎಂಬುದು ಮೌಖಿಕ ಪರೀಕ್ಷೆಯ ಖಾಯಂ ಪ್ರಶ್ನೆ. ಕ್ಲೋರೈಡ್ ಕ್ಲೋರಿನ್ ಆಗಲು ಬೇಕಾದ ವಿಭವ 1.36 ವೋಲ್ಟ್, ಪರ್ಮಾಂಗನೇಟಿನ ಬಳಿ 1.51 ಇದೆ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪರ್ಮಾಂಗನೇಟಿನ ಒಂದು ಪಾಲು ಕ್ಲೋರೈಡಿನ ಮೇಲೆ ಪೋಲಾಗಿ ಓದಿಕೆ ಹೆಚ್ಚುತ್ತದೆ. ನೈಟ್ರಿಕ್ ಆಮ್ಲ ತಾನೇ ಉತ್ಕರ್ಷಣಕಾರಿ. ಅದೂ ಆಕ್ಸಲೇಟಿಗೆ ಕೈಹಾಕಿದರೆ ಓದಿಕೆ ತಗ್ಗುತ್ತದೆ. ಸಲ್ಫೇಟ್ ಎರಡೂ ಕಡೆ ತಲೆಹಾಕದೆ ಸುಮ್ಮನಿರುತ್ತದೆ.

ಮೊದಲ ಹನಿಗೆ ಮರಳೋಣ. ಕಾರ್ಬನ್ ಡೈಆಕ್ಸೈಡ್ ಮತ್ತು ಆಕ್ಸಾಲಿಕ್ ಆಮ್ಲದ ಜೋಡಿಯ ಪ್ರಮಾಣಿತ ವಿಭವ ಮೈನಸ್ 0.49 ವೋಲ್ಟ್. ಪರ್ಮಾಂಗನೇಟಿನ 1.51ರ ಎದುರು ಇಟ್ಟರೆ ವ್ಯತ್ಯಾಸ ಸರಿಯಾಗಿ 2.00 ವೋಲ್ಟ್. ಒಟ್ಟು ಹತ್ತು ಇಲೆಕ್ಟ್ರಾನ್‌ಗಳ ವಿನಿಮಯ. ಗಿಬ್ಸ್ ಶಕ್ತಿ (ಕ್ರಿಯೆಯನ್ನು ಮುಂದಕ್ಕೆ ತಳ್ಳುವ ಶಕ್ತಿ) ಸುಮಾರು 1930 ಕಿಲೋಜೂಲ್ ಇಳಿಯುತ್ತದೆ. ಸಮತೋಲನ ಸ್ಥಿರಾಂಕವನ್ನು (ಕ್ರಿಯೆ ಎಷ್ಟು ಪೂರ್ತಿಯಾಗುತ್ತದೆಂಬ ಅಳತೆಯನ್ನು) ಬರೆಯಹೊರಟರೆ 1ರ ಮುಂದೆ 338 ಸೊನ್ನೆ ಇಡಬೇಕು. ವಿದ್ಯುತ್ ರಸಾಯನದ ಅಧ್ಯಾಯವನ್ನಷ್ಟೇ ಓದಿದವರು ಈ ಕ್ರಿಯೆ ಕ್ಷಣಮಾತ್ರದಲ್ಲಿ ಮುಗಿಯುತ್ತದೆ ಎಂದು ಬಾಜಿ ಕಟ್ಟಿಯಾರು. ಆದರೆ ತಣ್ಣಗಿನ ಫ್ಲಾಸ್ಕಿನಲ್ಲಿ ಮೊದಲ ಹನಿ ನಿಮಿಷಗಟ್ಟಲೆ ಗುಲಾಬಿಯಾಗಿ ಉಳಿಯಬಹುದು.

ಕ್ರಿಯೆ ಆಗಬಲ್ಲದೇ ಎಂಬುದು ಒಂದು ಪ್ರಶ್ನೆ, ಎಷ್ಟು ಬೇಗ ಎಂಬುದು ಬೇರೆಯೇ ಪ್ರಶ್ನೆ. ವಿಭವ ಉತ್ತರಿಸುವುದು ಮೊದಲನೆಯದಕ್ಕೆ. ಎರಡನೆಯದಕ್ಕೆ ಸಕ್ರಿಯಣ ಶಕ್ತಿಯನ್ನು, ಅಂದರೆ ಕ್ರಿಯೆ ಶುರುವಾಗಲು ದಾಟಬೇಕಾದ ತಡೆಯನ್ನು, ಕೇಳಬೇಕು. ನರ್ನ್‌ಸ್ಟ್ ಮತ್ತು ಉಷ್ಣತೆಗೂ ವೇಗಕ್ಕೂ ನಂಟು ಹೇಳಿದ ಅರೀನಿಯಸ್ ತಮ್ಮ ಸಮೀಕರಣಗಳನ್ನು ಮುಂದಿಟ್ಟದ್ದು ಒಂದೇ ವರ್ಷ, 1889ರಲ್ಲಿ. ಪಠ್ಯದಲ್ಲಿ ಅವರಿಬ್ಬರೂ ಬೇರೆ ಬೇರೆ ಅಧ್ಯಾಯಗಳಲ್ಲಿ ಕೂತಿರುವುದರಿಂದ ಒಂದೇ ಫ್ಲಾಸ್ಕಿನಲ್ಲಿ ಇಬ್ಬರಿಗೂ ಕೆಲಸವಿದೆ ಎಂಬುದು ಹೊಳೆಯುವುದಿಲ್ಲ. ಆಕ್ಸಲೇಟ್ ಇಲೆಕ್ಟ್ರಾನ್ ಕೊಡಬೇಕಾದರೆ ಅದರ ಎರಡು ಕಾರ್ಬನ್‌ಗಳ ನಡುವಿನ ಬಂಧ ಮುರಿಯಬೇಕು. ತಡೆ ಇರುವುದು ಇಲ್ಲಿ. ಉಷ್ಣತೆ 10 ಡಿಗ್ರಿ ಏರಿದರೆ ವೇಗ ಸುಮಾರು ಇಮ್ಮಡಿ ಎಂಬ ಸ್ಥೂಲ ಲೆಕ್ಕ ಹಿಡಿದರೂ 25ರಿಂದ 65 ಡಿಗ್ರಿಗೆ ಹೋದಾಗ ವೇಗ ಹದಿನಾರು ಪಟ್ಟಾಗುತ್ತದೆ. ‘60ರಿಂದ 70 ಡಿಗ್ರಿಗೆ ಬಿಸಿ ಮಾಡಿ’ ಎಂಬ ಸಾಲಿನ ಅರ್ಥ ಇಷ್ಟೇ. ಥರ್ಮಾಮೀಟರ್ ಇಲ್ಲದಿದ್ದರೆ, ಫ್ಲಾಸ್ಕಿನ ಕತ್ತಿನಲ್ಲಿ ಹಬೆ ಕಟ್ಟಿ ಬರಿಗೈಯಲ್ಲಿ ಹೆಚ್ಚು ಹೊತ್ತು ಹಿಡಿಯಲಾಗದ ಹದ. ಕುದಿಸಿದರೆ ಮಾತ್ರ ಕೆಟ್ಟಿತು: ಆಮ್ಲೀಯ ದ್ರಾವಣದಲ್ಲಿ ಆಕ್ಸಾಲಿಕ್ ಆಮ್ಲವೇ ಒಡೆಯತೊಡಗುತ್ತದೆ, ಓದಿಕೆ ಕಡಿಮೆ ಬರುತ್ತದೆ.

ಬಿಸಿ ಒಂದೇ ಕಾರಣವಾಗಿದ್ದರೆ ಮೊದಲ ಹನಿಗೂ ಆರನೆಯ ಹನಿಗೂ ವ್ಯತ್ಯಾಸ ಇರಬಾರದಿತ್ತು. ಅಷ್ಟರಲ್ಲಿ ಫ್ಲಾಸ್ಕ್ ಇನ್ನಷ್ಟು ಆರಿರುತ್ತದೆಯೇ ಹೊರತು ಬಿಸಿಯೇರಿರುವುದಿಲ್ಲ. ಬದಲಾದದ್ದು ಒಂದೇ, ಮ್ಯಾಂಗನೀಸ್ ಅಯಾನು ಹುಟ್ಟಿಕೊಂಡಿದೆ. ಅದು ಪರ್ಮಾಂಗನೇಟಿನೊಂದಿಗೆ ಸೇರಿ ಪ್ಲಸ್ ಮೂರು ಸ್ಥಿತಿಯ (ಮೂರು ಇಲೆಕ್ಟ್ರಾನ್ ಕಳೆದುಕೊಂಡ) ಮ್ಯಾಂಗನೀಸ್ ಕೊಡುತ್ತದೆ. ಈ ಮ್ಯಾಂಗನೀಸನ್ನು ಆಕ್ಸಲೇಟ್ ಎರಡು ಆಕ್ಸಿಜನ್‌ಗಳಿಂದ ಇಕ್ಕಳದಂತೆ ಹಿಡಿದು ಸಂಕೀರ್ಣ ಕಟ್ಟುತ್ತದೆ. ರಸಾಯನಶಾಸ್ತ್ರಜ್ಞ ವರ್ನರ್ 1893ರಲ್ಲಿ ಬುನಾದಿ ಹಾಕಿದ ಸಂಕೀರ್ಣ ಸಂಯುಕ್ತಗಳ ಅಧ್ಯಾಯದಲ್ಲಿ ದ್ವಿದಂತೀಯ ಲಿಗಾಂಡ್ ಎಂದು ಕರೆಯುವುದು ಇದನ್ನೇ. ಆ ಸಂಕೀರ್ಣದೊಳಗೆ ಇಲೆಕ್ಟ್ರಾನ್ ಆಕ್ಸಲೇಟಿನಿಂದ ಲೋಹಕ್ಕೆ ಸುಲಭವಾಗಿ ದಾಟುತ್ತದೆ, ಕಾರ್ಬನ್ ಬಂಧ ಮುರಿಯುತ್ತದೆ, ಮ್ಯಾಂಗನೀಸ್ ಮತ್ತೆ ಪ್ಲಸ್ ಎರಡಕ್ಕೆ ಮರಳುತ್ತದೆ. ಕ್ರಿಯೆಯಲ್ಲಿ ಹುಟ್ಟಿದ್ದೇ ಕ್ರಿಯೆಯನ್ನು ಓಡಿಸುತ್ತದೆ; ಇದೇ ಸ್ವಯಂ ವೇಗವರ್ಧನೆ. ಅನುಮಾನವಿದ್ದರೆ ಇನ್ನೊಂದು ಫ್ಲಾಸ್ಕಿಗೆ ಮೊದಲೇ ಚಿಟಿಕೆ ಮ್ಯಾಂಗನೀಸ್ ಸಲ್ಫೇಟ್ ಹಾಕಿ ನೋಡಿ. ಮೊದಲ ಹನಿಯೂ ಸತಾಯಿಸುವುದಿಲ್ಲ.

ಹೀಗಾಗಿ ಆರಂಭದಲ್ಲಿ ಅವಸರ ಕೂಡದು. ಮೊದಲ ಹನಿಯ ಬಣ್ಣ ಹೋಗುವ ಮುನ್ನವೇ ಇನ್ನೂ ಎರಡು ಮಿ.ಲೀ. ಸುರಿದುಬಿಟ್ಟರೆ ಕಂದು ಬಗ್ಗಡಕ್ಕೆ ಆಹ್ವಾನ ಕೊಟ್ಟಂತೆ. ಹೆಚ್ಚಿನ ನಿಖರತೆ ಬೇಕಾದವರಿಗೆ ಫೌಲರ್ ಮತ್ತು ಬ್ರೈಟ್ 1935ರಲ್ಲಿ ಬೇರೊಂದು ದಾರಿ ತೋರಿಸಿದರು. ಆಮ್ಲ ಧಾರಾಳವಾಗಿರುವ ತಣ್ಣನೆಯ ದ್ರಾವಣಕ್ಕೆ ಬೇಕಾದ ಪರ್ಮಾಂಗನೇಟಿನ 90ರಿಂದ 95 ಶೇಕಡಾ ಒಟ್ಟಿಗೆ ಹಾಕುವುದು, ಬಣ್ಣ ತಾನಾಗಿ ಹೋಗುವವರೆಗೆ ಕಾಯುವುದು, ಆಮೇಲೆ 55ರಿಂದ 60 ಡಿಗ್ರಿಗೆ ಬಿಸಿ ಮಾಡಿ ಉಳಿದದ್ದನ್ನು ಹನಿ ಹನಿಯಾಗಿ ಮುಗಿಸುವುದು. ಎಷ್ಟು ಬೇಕೆಂದು ಮೊದಲೇ ಸುಮಾರಾಗಿ ಗೊತ್ತಿರಬೇಕು ಅನ್ನುವುದೇ ಇದರ ತೊಡಕು.

ಎಂಡ್ ಪಾಯಿಂಟಿಗೆ ಬೇರೆ ಸೂಚಕ ಬೇಡ. 0.02 ಮೋಲಾರ್ ಪರ್ಮಾಂಗನೇಟಿನ ಒಂದೇ ಹನಿ 100 ಮಿ.ಲೀ. ನೀರಿಗೆ ಕಣ್ಣಿಗೆ ಕಾಣುವ ತೆಳು ಗುಲಾಬಿ ಕೊಡುತ್ತದೆ. ಪರೀಕ್ಷೆಗಳಲ್ಲಿ ಬಹಳ ಮಂದಿ ಎಡವುವುದು ಈ ಬಣ್ಣದ ಕಾರಣದಲ್ಲಿ. ಪರ್ಮಾಂಗನೇಟಿನ ಮ್ಯಾಂಗನೀಸ್ ಪ್ಲಸ್ ಏಳು ಸ್ಥಿತಿಯಲ್ಲಿದೆ, ಡಿ ಕಕ್ಷಕಗಳಲ್ಲಿ (ಇಲೆಕ್ಟ್ರಾನ್ ಕೂರುವ ಒಂದು ಬಗೆಯ ಜಾಗಗಳಲ್ಲಿ) ಒಂದೂ ಇಲೆಕ್ಟ್ರಾನ್ ಇಲ್ಲ. ಡಿ ಇಂದ ಡಿ ಗೆ ಜಿಗಿಯಲು ಯಾರೂ ಇಲ್ಲದಿರುವಾಗ ಡಿ-ಬ್ಲಾಕ್ ಧಾತುಗಳ ಬಣ್ಣಕ್ಕೆ ಸಾಮಾನ್ಯವಾಗಿ ಕೊಡುವ ಆ ವಿವರಣೆ ಬರೆದು ಪ್ರಯೋಜನವಿಲ್ಲ. ಇಲೆಕ್ಟ್ರಾನ್ ಜಿಗಿಯುವುದು ಆಕ್ಸಿಜನ್‌ನಿಂದ ಮ್ಯಾಂಗನೀಸಿಗೆ. ಬಣ್ಣ ಇಷ್ಟು ಗಾಢವಾಗಿರುವುದೂ ಅದಕ್ಕೇ. ಕ್ರಿಯೆ ಮುಗಿದ ಮೇಲಿನ ಪ್ಲಸ್ ಎರಡು ಮ್ಯಾಂಗನೀಸಿನಲ್ಲಿ ಐದು ಡಿ ಇಲೆಕ್ಟ್ರಾನ್‌ಗಳು ಐದು ಕಕ್ಷಕಗಳಲ್ಲಿ ಒಂದೊಂದಾಗಿ ಕೂತಿವೆ. ಜಿಗಿಯಬೇಕಾದರೆ ಸ್ಪಿನ್ ತಿರುಗಿಸಬೇಕು, ಅದು ಬಹಳ ಅಪರೂಪ. ಅದಕ್ಕೇ ದ್ರಾವಣ ಬಹುತೇಕ ಬಣ್ಣವಿಲ್ಲದ್ದು.

ಗುಲಾಬಿ 30 ಸೆಕೆಂಡು ನಿಂತರೆ ಸಾಕು. ಇನ್ನೂ ಹೆಚ್ಚು ಹೊತ್ತು ಬಿಟ್ಟರೆ ಉಳಿದ ಪರ್ಮಾಂಗನೇಟ್ ಮ್ಯಾಂಗನೀಸ್ ಅಯಾನಿನ ಜೊತೆಗೇ ನಿಧಾನವಾಗಿ ವರ್ತಿಸಿ ಬಣ್ಣ ಹೋಗುತ್ತದೆ; ಅದನ್ನು ಕಂಡು ಮತ್ತೊಂದು ಹನಿ ಹಾಕಬೇಡಿ. ದ್ರಾವಣ ಗಾಢವಾದ್ದರಿಂದ ಬ್ಯುರೆಟ್ಟಿನಲ್ಲಿ ಕೆಳಗಿನ ಬಾಗು ಕಾಣುವುದಿಲ್ಲ, ಮೇಲಂಚನ್ನು ಓದಬೇಕು. ಮೊದಲ ಓದಿಕೆಯನ್ನೂ ಕೊನೆಯದನ್ನೂ ಹಾಗೇ ಓದಿದರೆ ವ್ಯತ್ಯಾಸ ಸರಿಯಾಗೇ ಬರುತ್ತದೆ. ಎಲ್ಲ ನೆಟ್ಟಗಿದ್ದರೆ 0.0005 ಮೋಲ್ ಆಕ್ಸಲೇಟಿಗೆ 0.0002 ಮೋಲ್ ಪರ್ಮಾಂಗನೇಟ್, ಅಂದರೆ 10 ಮಿ.ಲೀ. ಒಂದು ಹನಿ ಸುಮಾರು 0.05 ಮಿ.ಲೀ. ಎಂದರೆ ಒಂದು ಹನಿ ಮುಂದೆ ಹೋದರೆ ಅರ್ಧ ಶೇಕಡಾ ತಪ್ಪು. ತಿರುಪಿನ ಕೆಳಗೆ ಉಳಿದ ಗಾಳಿಗುಳ್ಳೆ ಇದಕ್ಕಿಂತ ದೊಡ್ಡ ಕಳ್ಳ.

ಇದೇ ಬ್ಯುರೆಟ್ಟಿನ ಕೆಳಗೆ ಮೋರ್ ಲವಣ (ಕಬ್ಬಿಣ ಮತ್ತು ಅಮೋನಿಯಂನ ಸಲ್ಫೇಟ್) ಇಟ್ಟರೆ ಕಥೆಯೇ ಬೇರೆ. 0.1 ಮೋಲಾರ್ ದ್ರಾವಣಕ್ಕೆ 250 ಮಿ.ಲೀ.ಗೆ 9.80 ಗ್ರಾಂ ಬೇಕು. ತೂಗಿದ ಲವಣದ ಮೇಲೆ ಮೊದಲು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ, ನಂತರವೇ ನೀರು. ಇಲ್ಲದಿದ್ದರೆ ಕಬ್ಬಿಣ ಜಲವಿಭಜನೆಗೊಂಡು (ನೀರಿನೊಂದಿಗೆ ವರ್ತಿಸಿ) ದ್ರಾವಣ ಕದಡುತ್ತದೆ. ಬಿಸಿ ಮಾಡುವಂತಿಲ್ಲ, ಗಾಳಿಯ ಆಕ್ಸಿಜನ್ ಕಬ್ಬಿಣವನ್ನು ಉತ್ಕರ್ಷಿಸಿಬಿಡುತ್ತದೆ. ಬಿಸಿಯ ಅಗತ್ಯವೂ ಇಲ್ಲ: ಕಬ್ಬಿಣದ ಅಯಾನು ಒಂದು ಇಲೆಕ್ಟ್ರಾನ್ ಬಿಟ್ಟುಕೊಟ್ಟರಾಯಿತು, ಮುರಿಯಬೇಕಾದ ಕಾರ್ಬನ್ ಬಂಧವಿಲ್ಲ. ವಿಭವದ ವ್ಯತ್ಯಾಸ ಇಲ್ಲಿ 0.74 ವೋಲ್ಟ್ ಮಾತ್ರ, ಆಕ್ಸಲೇಟಿನದಕ್ಕಿಂತ ಎಷ್ಟೋ ಕಡಿಮೆ. ಆದರೂ ಮೊದಲ ಹನಿಯೇ ತಣ್ಣಗಿನ ಫ್ಲಾಸ್ಕಿನಲ್ಲಿ ತಕ್ಷಣ ಬಣ್ಣ ಕಳೆದುಕೊಳ್ಳುತ್ತದೆ.

ಎಲ್ಲ ಮುಗಿದ ಮೇಲೆ ಬ್ಯುರೆಟ್ಟಿನ ಒಳಗೋಡೆಗೆ ಕಂದು ಕಲೆ ಹಿಡಿದಿದ್ದರೆ ಬ್ರಷ್ಷಿನಿಂದ ಉಜ್ಜಿ ಪ್ರಯೋಜನವಿಲ್ಲ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಉಳಿದ ಆಕ್ಸಾಲಿಕ್ ಆಮ್ಲಕ್ಕೆ ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಬೆರೆಸಿ ಒಳಗೆ ತುಂಬಿಸಿಟ್ಟರೆ ಸಣ್ಣ ಗುಳ್ಳೆಗಳೇಳುತ್ತ ಕಲೆ ಕರಗಿಹೋಗುತ್ತದೆ.